ಚಾವಣಿ ಕೆಲಸ ಕೊಡುವ ಮುಂಚೆ ಕೊಟೇಶನ್‌ನಲ್ಲಿ ಏನಿರಬೇಕು

ಶೀಟ್ ಹಾಕಿದ ಚಾವಣಿಯಲ್ಲಿ ಶೀಟೇ ಸೋರುವುದು ಅಪರೂಪ. ಸೋರುವುದು ಸ್ಕ್ರೂ ಹೊಡೆದ ತೂತು, ಎರಡು ಶೀಟ್ ಕೂಡುವ ಜಾಗ, ಗೋಡೆಗೆ ತಾಗುವ ಅಂಚು, ಪೈಪ್ ಹೊರಬಂದ ಕಡೆ. ಕೊಟೇಶನ್ ತೆಗೆದು ನೋಡಿದರೆ ಬ್ರಾಂಡ್, ಬಣ್ಣ, ಚದರ ಅಡಿ ರೇಟು ಎಲ್ಲ ಇರುತ್ತವೆ. ಈ ನಾಲ್ಕು ಜಾಗಗಳ ಮಾತೇ ಇರುವುದಿಲ್ಲ. ಕಂಟ್ರಾಕ್ಟರನ್ನು ಅಳೆಯಬೇಕಾದ್ದು ಇಲ್ಲೇ.

ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿ ರೇಟು ಹೇಳುವವರನ್ನು ಬಿಟ್ಟುಬಿಡಿ. ಕೆಲಸ ಗೊತ್ತಿದ್ದವನು ಏಣಿ ಹಾಕಿ ಮೇಲೆ ಹತ್ತುತ್ತಾನೆ, ಆಮೇಲೆ ಒಳಗೆ ಬಂದು ಕೆಳಗಿನಿಂದಲೂ ನೋಡುತ್ತಾನೆ. ಮೇಲೆಲ್ಲೋ ಒಳನುಗ್ಗಿದ ನೀರು ಪರ್ಲಿನ್ (ಶೀಟ್ ಹೊರುವ ಅಡ್ಡಪಟ್ಟಿ) ಹಿಡಿದು ಹರಿದು ನಾಲ್ಕಾರು ಅಡಿ ಆಚೆ ತೊಟ್ಟಿಕ್ಕಬಹುದು. ಕಲೆಯ ನೇರ ಮೇಲಕ್ಕೆ ಸೀಲೆಂಟ್ (ಸಂದು ಮುಚ್ಚುವ ಅಂಟು) ಬಳಿದು ಹೋದರೆ ಮುಂದಿನ ಮಳೆಗೆ ಅದೇ ಕಥೆ.

ಅಳತೆಯಲ್ಲೂ ಜಗಳ ಹುಟ್ಟುತ್ತದೆ. ನೆಲದ ಲೆಕ್ಕದಲ್ಲಿ 1000 ಚದರ ಅಡಿ ಇದ್ದರೆ, 30 ಡಿಗ್ರಿ ಇಳಿಜಾರಿನ ಚಾವಣಿ ಸುಮಾರು 1155 ಚದರ ಅಡಿ ಆಗುತ್ತದೆ. ಸೂರಿನ ಚಾಚು, ಓವರ್‌ಲ್ಯಾಪ್ ಬೇರೆ. ರೇಟು ಯಾವ ಅಳತೆಗೆ ಎಂದು ಮೊದಲೇ ಬರೆಸಿಕೊಳ್ಳಿ. ಶೀಟಿನ ದಪ್ಪವೂ ಹಾಗೆಯೇ: ಬಣ್ಣ, ಲೇಪನ ಸೇರಿ 0.50 ಮಿ.ಮೀ. ಎಂದರೆ ಒಳಗಿನ ಲೋಹ ಅದಕ್ಕಿಂತ ತೆಳು. ಎರಡನ್ನೂ ಬೇರೆ ಬೇರೆ ನಮೂದಿಸಲು ಹೇಳಿ, ಮಾಲು ಇಳಿಸಿದ ದಿನ ಮೈಕ್ರೋಮೀಟರ್ ಹಿಡಿದು ನೋಡಿ.

ಮೇಲಿನ ಶೀಟ್ ಕೆಳಗಿನದರ ಮೇಲೆ ಕನಿಷ್ಠ 150 ಮಿ.ಮೀ. ಕೂರಬೇಕು, ಇಳಿಜಾರು ಕಡಿಮೆ ಇದ್ದರೆ 200 ಅಥವಾ ಹೆಚ್ಚು, ನಡುವೆ ಸೀಲಿಂಗ್ ಟೇಪ್. ಶೀಟ್ ಹಾಸುವುದನ್ನು ಗಾಳಿಮಳೆ ಬಡಿಯುವ ಕಡೆಯಿಂದಲ್ಲ, ಅದರ ಆಚೆ ತುದಿಯಿಂದ ಶುರು ಮಾಡಬೇಕು, ಆಗ ಪಕ್ಕದ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತದೆ. ಎಲ್ಲಿಂದ ಶುರು ಮಾಡುತ್ತೀರಿ ಎಂದು ಸುಮ್ಮನೆ ಕೇಳಿ ನೋಡಿ, ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ.

ಇನ್ನು ಸ್ಕ್ರೂ. ಕಂಟ್ರಾಕ್ಟರ್ ಮುಗಿಸಿದ ಹಳೆಯ ಕೆಲಸ ನೋಡಲು ಹೋದಾಗ ಹತ್ತು ಸ್ಕ್ರೂಗಳನ್ನು ಹತ್ತಿರದಿಂದ ನೋಡಿ. ರಬ್ಬರ್ ವಾಷರ್ ಅದರ ಮೇಲಿನ ತಗಡು ಬಿಲ್ಲೆಯ ಅಂಚಿನಲ್ಲಿ ಕೂದಲೆಳೆಯಷ್ಟು ಇಣುಕಿದ್ದರೆ ಬಿಗಿ ಸರಿ. ಚಪ್ಪಟೆಯಾಗಿ ಹೊರಗೆ ಉಬ್ಬಿದ್ದರೆ ವಿಪರೀತ ಬಿಗಿ; ಬಿಸಿಲಿಗೆ ರಬ್ಬರ್ ಸೀಳುತ್ತದೆ. ಬೆರಳಿಗೆ ವಾಷರ್ ತಿರುಗಿದರೆ ಸಡಿಲ. ಸ್ಕ್ರೂ ಓರೆಯಾಗಿದ್ದರೆ ವಾಷರ್ ಒಂದೇ ಪಕ್ಕ ಕೂತಿರುತ್ತದೆ, ಇನ್ನೊಂದು ಪಕ್ಕ ನೀರಿಗೆ ದಾರಿ. ಶೀಟಿನ ಮೇಲೆ ಕಂದು ಚುಕ್ಕೆಗಳು ಕಂಡರೆ ಗ್ರೈಂಡರ್‌ನಲ್ಲಿ ಕತ್ತರಿಸಿ ಪುಡಿ ಗುಡಿಸಿಲ್ಲ ಎಂದರ್ಥ. ಆ ಕಿಡಿ ಸತುವಿನ ಲೇಪನವನ್ನೇ ಸುಡುತ್ತದೆ. ಶೀಟ್ ಕತ್ತರಿಯಲ್ಲೇ ಕತ್ತರಿಸಬೇಕು ಎಂದು ಕರಾರಿನಲ್ಲಿ ಹಾಕಿ.

ಕಾಂಕ್ರೀಟ್ ತಾರಸಿಯಾದರೆ ಕೇಳಬೇಕಾದ್ದು ಮೂರೇ: ವಾಟ (ನೀರು ಹರಿಯುವ ಇಳಿಜಾರು) 100ಕ್ಕೆ 1 ಇದೆಯೇ, ಪ್ಯಾರಾಪೆಟ್ (ತಾರಸಿ ಅಂಚಿನ ಗಿಡ್ಡ ಗೋಡೆ) ಬುಡದ ಮೂಲೆಗೆ ಗಾರೆಯ ಗುಂಡು ಅಂಚು ಕೊಡುತ್ತಾರೆಯೇ, ಕೊನೆಗೆ 48 ಗಂಟೆ ನೀರು ಕಟ್ಟಿ ತೋರಿಸುತ್ತಾರೆಯೇ.

ಹಳೆಯ ಚಾವಣಿ ಬಿಚ್ಚಿದ ಮೇಲಷ್ಟೇ ಕೊಳೆತ ಮರ ಕಣ್ಣಿಗೆ ಬೀಳುವುದು. ಅಷ್ಟು ಹೊತ್ತಿಗೆ ಮನೆ ಬಯಲಾಗಿರುತ್ತದೆ, ಅವರು ಹೇಳಿದ್ದೇ ರೇಟು. ಮರ ಬದಲಿಸಲು ಅಡಿಗೆ ಇಷ್ಟು ಎಂದು ಮುಂಚೆಯೇ ಗೊತ್ತುಮಾಡಿಕೊಳ್ಳಿ. ಒಂದು ದಿನದಲ್ಲಿ ಮುಚ್ಚಲಾಗುವಷ್ಟನ್ನೇ ಬಿಚ್ಚಬೇಕು, ಟಾರ್ಪಾಲು ಸ್ಥಳದಲ್ಲೇ ಇರಬೇಕು. ಕೆಲಸಗಾರರ ವಿಮೆ ಯಾರ ಹೆಸರಲ್ಲಿದೆ, ಸೇಫ್ಟಿ ಬೆಲ್ಟ್ ಇದೆಯೇ ಎಂಬುದನ್ನೂ ನೋಡಿ.

ಅಡ್ವಾನ್ಸ್ ಮಾಲಿಗೆ ಬೇಕಾದಷ್ಟೇ, ಉಳಿದದ್ದು ಹಂತಹಂತವಾಗಿ, ಶೇ. 10 ಒಂದು ಜೋರು ಮಳೆ ಕಂಡ ಮೇಲೆ. ಕಂಪನಿಯ ವಾರಂಟಿ ಶೀಟಿಗೆ ಮಾತ್ರ. ಜೋಡಣೆಯ ವಾರಂಟಿಯನ್ನು ಕಂಟ್ರಾಕ್ಟರೇ ಬೇರೆಯಾಗಿ ಬರೆದು ಕೊಡಬೇಕು. ಫ್ಲಾಶಿಂಗ್ (ಗೋಡೆಯಂಚಿನ ಸಂದು ಮುಚ್ಚುವ ತಗಡು), ರಿಡ್ಜ್ (ಚಾವಣಿಯ ನೆತ್ತಿ) ಮುಚ್ಚುವ ಮುಂಚೆ ಒಳಗಿನ ಫೋಟೋ ತೆಗೆದು ಕೊಡುವುದನ್ನೂ ಕರಾರಿಗೆ ಸೇರಿಸಿ. ಮುಚ್ಚಿದ ಮೇಲೆ ಅಲ್ಲಿ ಟೇಪ್ ಹಾಕಿದ್ದಾರೋ ಇಲ್ಲವೋ ಬಿಚ್ಚದೆ ಗೊತ್ತಾಗುವುದಿಲ್ಲ.