ಜಿಪ್ಸಿಯೊಳಗೆ ಮಳೆ: ಕೃತ್ತಿಕೆಯಿಂದ ಹಸ್ತದವರೆಗೆ

ಮೇ 14, ಕೃತ್ತಿಕೆ ಮಳೆ

ನಿನ್ನೆ ಸಂಜೆ ಕುವೆಂಪುನಗರದಲ್ಲಿ ಮುಕ್ಕಾಲು ಗಂಟೆ ಜೋರು ಮಳೆ. ಇವತ್ತು ಬೆಳಿಗ್ಗೆ ಜಿಪ್ಸಿಯ ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಎಡಗಡೆ ಮ್ಯಾಟ್ ಮೇಲೆ ಕಾಲಿಟ್ಟೆ, ಪಚಕ್ ಅಂತು. ಹಿಂದಿನ ಸೀಟಿನ ಮೇಲೆ ಒಂದು ಕಡೆ ಸಣ್ಣ ಕೊಳವೇ ನಿಂತಿತ್ತು.

ಗಾಡಿ 1999ರ ಮಾರುತಿ ಜಿಪ್ಸಿ ಕಿಂಗ್. 1298 ಸಿಸಿ, ಕಾರ್ಬ್ಯುರೇಟರ್ ಇಂಜಿನ್, ಸಾಫ್ಟ್ ಟಾಪ್, ಅಂದರೆ ಮೇಲೆ ತಗಡಿನ ಬದಲು ಬಿಚ್ಚಬಹುದಾದ ಬಟ್ಟೆಯ ಹುಡ್. ಕುಶಾಲನಗರದ ಕಡೆಯಿಂದ ತಂದು ಎರಡು ವರ್ಷ ಆಯಿತು. ಹುಡ್ ಒಮ್ಮೆ ಬದಲಾಗಿದೆ, ಮುಂದಿನ ಗ್ಲಾಸ್ ಕೂಡ ಒಮ್ಮೆ ಬದಲಾಗಿದೆ. ಹಾರ್ಡ್ ಟಾಪ್ ಹಾಕಿಸಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಜನವರಿ ಬೆಳಿಗ್ಗೆ ಹುಡ್ ಬಿಚ್ಚಿ ಕೆಆರ್‌ಎಸ್ ರಸ್ತೆಯಲ್ಲಿ ಹೋಗುವಾಗ ಭತ್ತದ ಗದ್ದೆಯ ತಂಪು ಮುಖಕ್ಕೆ ಬಡಿಯುತ್ತದಲ್ಲ, ಅದಕ್ಕೇ ನಾನು ಈ ಗಾಡಿ ತಂದದ್ದು. ಹಾಗಾಗಿ ಬಟ್ಟೆಯ ಹುಡ್ ಹಾಗೇ ಇರುತ್ತದೆ, ಸೋರುವುದನ್ನು ನಿಲ್ಲಿಸುತ್ತೇನೆ.

ಮೈಸೂರಿನಲ್ಲಿ ಮಳೆ ಜಾಸ್ತಿ ಬರುವುದು ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಡುವೆ ಜೂನ್, ಜುಲೈನಲ್ಲಿ ಸೋನೆ ಹಿಡಿದರೂ ಕೆಲಸಕ್ಕೆ ಬಿಡುವು ಸಿಗುತ್ತದೆ. ದಸರಾ ಹೊತ್ತಿಗೆ ಮುಗಿಸಬೇಕು.

ಮೇ 18

ಮೊದಲ ದಿನವೇ ಸೀಲೆಂಟ್ ಟ್ಯೂಬ್ ಕೊಂಡು ತಂದಿದ್ದೆ. ರಾತ್ರಿ ಪಾಂಡವಪುರಕ್ಕೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. ಅವರು ಜಿಪ್ಸಿ ರಿಪೇರಿ ಮಾಡಿದವರಲ್ಲ, ಗದ್ದೆ ಮಾಡಿದವರು. "ಎಲ್ಲಿಂದ ಬಂತು ಅನ್ನೋದು ಆಮೇಲಿರ್ಲಿ ಮಗಾ. ಯಾಕೆ ನಿಂತ್ಕಂಡಿದೆ ನೋಡು ಮೊದ್ಲು" ಅಂದರು. ಟ್ಯೂಬ್ ಪಕ್ಕಕ್ಕಿಟ್ಟು ಮ್ಯಾಟ್ ಎತ್ತಿದೆ.

ಮ್ಯಾಟ್ ಕೆಳಗೆ ಒಂದು ಪದರ ಫೆಲ್ಟ್ ಇತ್ತು. ಸ್ಪಂಜಿನ ಹಾಗೆ ನೀರು ಹಿಡಿದುಕೊಂಡಿತ್ತು. ಹಿಂಡಿದರೆ ಅರ್ಧ ಬಕೆಟ್ ಕೆಂಪು ನೀರು. ಅಂದರೆ ಇದು ನಿನ್ನೆ ಮೊನ್ನೆಯ ಮಳೆ ಅಲ್ಲ. ಫ್ಲೋರ್‌ನಲ್ಲಿ ನೀರು ಬಿಡಲು ರಬ್ಬರ್ ಬಿರಡೆ ಹಾಕಿದ ತೂತುಗಳಿವೆ. ಯಾರೋ ಅಡಿಗೆ ಡಾಂಬರಿನಂಥ ಕೋಟಿಂಗ್ ಹೊಡೆಸುವಾಗ ಬಿರಡೆಯ ಮೇಲೂ ಬಳಿದಿದ್ದಾರೆ. ಅವು ಅಲ್ಲೇ ಅಂಟಿಕೊಂಡು ಕಲ್ಲಾಗಿವೆ. ಒಳಗೆ ಬಂದ ನೀರು ಹೋಗುವುದಾದರೂ ಎಲ್ಲಿಗೆ?

ಬಿರಡೆಗಳನ್ನು ಕಿತ್ತೆ. ಎಡಗಡೆ ಅಂಗೈ ಅಗಲ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರೆ ಸೀದಾ ಆಚೆ ಹೋಯಿತು. ಹೊಟ್ಟೆ ತೊಳಸಿದ ಹಾಗಾಯಿತು. ಟಿಂಕರಿಂಗ್‌ನವರು ಕೊಳೆತ ತಗಡು ಕತ್ತರಿಸಿ ತೆಗೆದು ಹೊಸ ತುಂಡು ವೆಲ್ಡ್ ಮಾಡಿಕೊಟ್ಟರು. ಉಳಿದ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ಫಾಸ್ಫರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಪ್ರೈಮರ್, ಮೇಲೆ ಪೇಂಟ್. ಫೆಲ್ಟ್ ಮತ್ತೆ ಹಾಕಲಿಲ್ಲ, ಹಾಕುವುದೂ ಇಲ್ಲ. ಬರೀ ರಬ್ಬರ್ ಮ್ಯಾಟ್ ಸಾಕು. ಸದ್ದು ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ಮೇ 31, ರೋಹಿಣಿ ಮಳೆ

ಪೈಪ್ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ನನ್ನ ಬಾಮೈದ ಒಳಗೆ ಟಾರ್ಚ್ ಹಿಡಿದು ಕೂತ, ನಾನು ಹೊರಗೆ ನೀರು ಬಿಟ್ಟೆ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೊದಲೇ ಹುಡ್ ಮೇಲೆ ನೀರು ಸುರಿದರೆ ಅದು ಎಲ್ಲ ಕಡೆ ಇಳಿಯುತ್ತದೆ, ಯಾವ ತೂತಿನಿಂದ ಬಂತು ಅಂತ ಹೇಳಲು ಆಗುವುದಿಲ್ಲ. ಪೈಪಿನ ಬಾಯಿ ಅದುಮಿ ಜೋರಾಗಿ ಹೊಡೆಯಲೂ ಬಾರದು. ಸುಮ್ನೆ ಹರಿಯಲು ಬಿಡಬೇಕು. ಒಂದೊಂದು ಜಾಗಕ್ಕೆ ಐದು ನಿಮಿಷ.

ಬಾಗಿಲಿನ ಕೆಳಭಾಗಕ್ಕೆ ಬಿಟ್ಟಾಗ ಏನೂ ಇಲ್ಲ. ಬಾಗಿಲ ಗ್ಲಾಸ್ ಮೇಲೆ ಬಿಟ್ಟೆ. ಮೂರನೇ ನಿಮಿಷಕ್ಕೆ ಒಳಗಿನಿಂದ "ಭಾವ, ಬಾಗಿಲ ರೆಕ್ಸಿನ್ ಒದ್ದೆ ಆಗ್ತಿದೆ" ಅಂತ ಕೂಗಿದ. ಮುಂದಿನ ಗ್ಲಾಸಿನ ಕೆಳಗಿನ ಎಡ ಮೂಲೆಗೆ ಬಿಟ್ಟೆ. ಏನೂ ಇಲ್ಲ. ಮೇಲಿನ ಬಲ ಮೂಲೆಗೆ ಬಿಟ್ಟಾಗ ಎಡಗಡೆ ಕಾಲಿಡುವ ಜಾಗದಲ್ಲಿ ಹನಿ ಬಿತ್ತು! ಇಬ್ಬರೂ ನಂಬಲಿಲ್ಲ, ಎರಡು ಸಲ ಮಾಡಿ ನೋಡಿದೆವು. ನೀರು ಮೇಲೆ ಬಲಗಡೆ ರಬ್ಬರಿನೊಳಗೆ ನುಗ್ಗುತ್ತದೆ, ರಬ್ಬರಿನ ಸಂದಿಯಲ್ಲೇ ಗ್ಲಾಸ್ ಸುತ್ತ ಹರಿಯುತ್ತದೆ. ಗಾಡಿ ನಮ್ಮ ಗೇಟಿನ ಮುಂದೆ ಎಡಕ್ಕೆ ಸ್ವಲ್ಪ ವಾಲಿ ನಿಲ್ಲುವುದರಿಂದ ಎಡ ಮೂಲೆಯಲ್ಲಿ ಹೊರಬಂದು ಡ್ಯಾಶ್‌ಬೋರ್ಡ್ ಹಿಂದೆ ಇಳಿಯುತ್ತದೆ. ನೀರು ಕಂಡ ಎಡ ಮೂಲೆಗೇ ಹಿಂದಿನವರು ಮತ್ತೆ ಮತ್ತೆ ಸಿಲಿಕೋನ್ ಬಳಿದಿದ್ದಾರೆ. ಎರಡು ವರ್ಷ ನಾನೂ ಅದೇ ಮೂಲೆ ನೋಡುತ್ತಿದ್ದೆ.

ಕೊನೆಗೆ ಹುಡ್. ಹಿಂದಿನ ಕಮಾನಿನ ಮೇಲಿನ ಹೊಲಿಗೆ ಉದ್ದಕ್ಕೂ ಹನಿ ಹನಿ. ಹಿಂದಿನ ಸೀಟಿನ ಕೊಳ ಅಲ್ಲಿಂದಲೇ.

ಜೂನ್ 15, ಮೃಗಶಿರಾ ಮಳೆ

ಎರಡು ಭಾನುವಾರ ಮುಂದಿನ ಗ್ಲಾಸಿಗೇ ಹೋಯಿತು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಹಳೇ ಗಾಡಿ ಇಟ್ಟುಕೊಂಡವರಿಗೆ ಬೇಕಾಗುತ್ತದೆ.

ಈಗಿನ ಕಾರುಗಳಲ್ಲಿ ಮುಂದಿನ ಗ್ಲಾಸನ್ನು ಅಂಟು ಹಾಕಿ ಕೂರಿಸುತ್ತಾರೆ. ಜಿಪ್ಸಿಯಲ್ಲಿ ಅದು ಬೀಡಿಂಗ್ ರಬ್ಬರ್‌ನಲ್ಲಿ ಕೂರುತ್ತದೆ. ಆ ರಬ್ಬರಿಗೆ ಎರಡು ಕಾಲುವೆ. ಒಂದರಲ್ಲಿ ಗ್ಲಾಸ್, ಇನ್ನೊಂದರಲ್ಲಿ ಫ್ರೇಮಿನ ತಗಡಿನ ಅಂಚು. ಹಾಗಾಗಿ ನೀರು ಬರಲು ಎರಡು ದಾರಿ: ಗ್ಲಾಸ್ ಮತ್ತು ರಬ್ಬರ್ ನಡುವೆ, ಇಲ್ಲವೇ ರಬ್ಬರ್ ಮತ್ತು ತಗಡಿನ ನಡುವೆ. ಹೊರಗಿನಿಂದ ಬಳಿದ ಸಿಲಿಕೋನ್ ಎರಡಕ್ಕೂ ಸರಿಯಾಗಿ ತಲುಪುವುದಿಲ್ಲ. ಜೊತೆಗೆ, ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಇದೆಯಲ್ಲ, ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬರೀ ಕಬ್ಬಿಣದ ಮೇಲೆ ಅದು ಬಿದ್ದರೆ ತುಕ್ಕನ್ನು ನಾವೇ ಕರೆದ ಹಾಗೆ. ಸ್ನಾನದ ಮನೆಗೆ ಸರಿ, ಗಾಡಿಯ ತಗಡಿಗೆ ಬೇಡ.

ಹಳೇ ರಬ್ಬರ್ ಗಟ್ಟಿಯಾಗಿ ಸೀಳಿತ್ತು, ಬ್ಲೇಡಿನಲ್ಲಿ ಹೊರತುಟಿ ಕತ್ತರಿಸಿ ಗ್ಲಾಸ್ ಹೊರತೆಗೆದೆವು. ಫ್ರೇಮಿನ ಮೇಲೆ ಮೂರು ಕಾಲದ ಸಿಲಿಕೋನ್. ಅದರ ಮೇಲೆ ಪೇಂಟ್ ಹಿಡಿಯುವುದಿಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಪೆಟ್ರೋಲ್ ಹಾಕಿ ಉಜ್ಜಿದೆ, ಕರಗಲಿಲ್ಲ. ಪ್ಲಾಸ್ಟಿಕ್ ಕೆರೆಯುವ ಪಟ್ಟಿ ಹಿಡಿದು ಒಂದೊಂದೇ ಎಳೆ ಕಿತ್ತದ್ದು, ಒಂದು ಇಡೀ ಮಧ್ಯಾಹ್ನ. ಮೇಲಿನ ಬಲ ಮೂಲೆಯಲ್ಲಿ ಅಂಚು ಒಳಕ್ಕೆ ತಗ್ಗಿತ್ತು. ಎಂದೋ ಪೆಟ್ಟು ಬಿದ್ದಿರಬೇಕು. ರಬ್ಬರ್ ಅಲ್ಲಿ ಕಚ್ಚಿಕೊಂಡೇ ಇರಲಿಲ್ಲ. ಮರದ ತುಂಡು ಒತ್ತಿಟ್ಟು ಸಣ್ಣ ಸುತ್ತಿಗೆಯಲ್ಲಿ ನಿಧಾನವಾಗಿ ಸಮ ಮಾಡಿದೆ. ತುಕ್ಕಿನ ಚುಕ್ಕೆಗಳಿಗೆ ಮೇ ತಿಂಗಳ ಮದ್ದೇ. ವಾರ ಪೂರ್ತಿ ಗಾಡಿ ಟಾರ್ಪಾಲ್ ಕೆಳಗಿತ್ತು.

ಹೊಸ ರಬ್ಬರ್ ಕೂರಿಸುವ ಕೆಲಸವನ್ನು ಗ್ಲಾಸ್ ಅಂಗಡಿಯ ಹಿರಿಯರೊಬ್ಬರು ಮನೆಗೇ ಬಂದು ಹೇಳಿಕೊಟ್ಟರು. ಮೊದಲು ರಬ್ಬರನ್ನು ಗ್ಲಾಸಿಗೆ ತೊಡಿಸಬೇಕು. ಆಮೇಲೆ ತಗಡಿನ ಅಂಚು ಕೂರುವ ಕಾಲುವೆಯೊಳಗೆ ಸುತ್ತಲೂ ಒಂದು ನೈಲಾನ್ ದಾರ ಹುದುಗಿಸಬೇಕು. ದಾರದ ಎರಡೂ ತುದಿ ಕೆಳಗೆ ನಡುವಿನಲ್ಲಿ ಒಂದರ ಮೇಲೊಂದು ಹಾದು ಒಳಗೆ ಇಳಿಬಿದ್ದಿರಬೇಕು. ಸೋಪಿನ ನೀರು ಧಾರಾಳವಾಗಿ ಹಚ್ಚಿ, ಗ್ಲಾಸನ್ನು ಹೊರಗಿನಿಂದ ಫ್ರೇಮಿಗೆ ಒರಗಿಸಿ, ಒಬ್ಬರು ಒಳಗಿನಿಂದ ದಾರ ಎಳೆಯುತ್ತಾ ಹೋಗಬೇಕು. ದಾರ ಹೊರಬಂದ ಹಾಗೆ ರಬ್ಬರಿನ ಒಳತುಟಿ ಮಗುಚಿ ಅಂಚಿನ ಮೇಲೆ ಕೂರುತ್ತದೆ. ಹೊರಗಿನವರು ಅದೇ ಜಾಗಕ್ಕೆ ಅಂಗೈಯಲ್ಲಿ ತಟ್ಟುತ್ತಿರಬೇಕು. "ಬಲ ಬೇಡ ಸರ್, ದಾರ ಹೇಳ್ದಂಗೆ ತಟ್ಟಿ" ಅಂದರು ಅವರು. ಕೊನೇ ಮೂಲೆ ಕೂತಾಗ ಬಂದ ಸದ್ದು ಇನ್ನೂ ಕಿವಿಯಲ್ಲಿದೆ.

ಎರಡೂ ತುಟಿಗಳ ಒಳಗೆ ಒಣಗಿ ಗಟ್ಟಿಯಾಗದ ಕಪ್ಪು ಬ್ಯೂಟೈಲ್ ಸೀಲರ್ ತೆಳ್ಳಗೆ ಬಿಟ್ಟೆ. ತಗಡು ಬಿಸಿಲಿಗೆ ಹಿಗ್ಗಿ ಕುಗ್ಗಿದಾಗ ಅದೂ ಜೊತೆಗೆ ಎಳೆಯುತ್ತದೆ, ಬಿರುಕು ಬಿಡುವುದಿಲ್ಲ. ಪೈಪ್ ಪರೀಕ್ಷೆಯಲ್ಲಿ ಹತ್ತು ನಿಮಿಷ ಮೇಲಿನ ಬಲ ಮೂಲೆಗೆ ನೀರು. ಒಳಗೆ ಹಾಸಿದ ಪೇಪರ್ ಒಣಗಿಯೇ ಇತ್ತು.

ಜುಲೈ 6

ಬಾಗಿಲುಗಳು, ಒಂದೇ ದಿನದ ಕೆಲಸ. ಗ್ಲಾಸ್ ಇಳಿಯುವ ಸಂದಿಯಿಂದ ಬಾಗಿಲೊಳಗೆ ನೀರು ಹೋಗುವುದು ಸಹಜ, ಎಲ್ಲ ಕಾರಿನಲ್ಲೂ ಹೋಗುತ್ತದೆ. ಅದು ಕೆಳಗಿನ ತೂತುಗಳಿಂದ ಹೊರಗೆ ಬೀಳಬೇಕು. ನನ್ನ ಗಾಡಿಯಲ್ಲಿ ಕೊಡಗಿನ ಕೆಂಪು ಮಣ್ಣು ಆ ತೂತುಗಳನ್ನು ಮುಚ್ಚಿತ್ತು. ಒಳಗಡೆ ರೆಕ್ಸಿನ್ ಹಿಂದಿರಬೇಕಾದ ಪ್ಲಾಸ್ಟಿಕ್ ಹಾಳೆಯೂ ಇರಲಿಲ್ಲ. ತಂತಿಯಲ್ಲಿ ಮಣ್ಣು ತೆಗೆದು, ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಬ್ಯೂಟೈಲ್ ಟೇಪಿನಲ್ಲಿ ಅಂಟಿಸಿದೆ. ಹಾಳೆಯ ಕೆಳ ಅಂಚು ಬಾಗಿಲಿನ ಒಳಕ್ಕೆ ಇಳಿದಿರಬೇಕು, ಆಗ ಹನಿ ಒಳಗೇ ಬೀಳುತ್ತದೆ.

ಬಾಗಿಲ ಬೀಡಿಂಗ್‌ಗೆ ಸೀಮೆಸುಣ್ಣ ಉಜ್ಜಿ ಬಾಗಿಲು ಹಾಕಿ ತೆಗೆದೆ. ತಗಡಿನ ಮೇಲೆ ಬಿಳಿ ಗೆರೆ ಎಲ್ಲಿ ಬೀಳಲಿಲ್ಲವೋ ಅಲ್ಲಿ ರಬ್ಬರ್ ಮುಟ್ಟುತ್ತಿಲ್ಲ ಅಂತ ಅರ್ಥ. ಡ್ರೈವರ್ ಕಡೆ ಮೇಲಿನ ಹಿಂಭಾಗದಲ್ಲಿ ನಾಲ್ಕು ಬೆರಳಷ್ಟು ಗೆರೆ ಇರಲಿಲ್ಲ. ಲಾಕ್ ಸಿಕ್ಕುವ ಕೊಂಡಿಯನ್ನು ಸ್ವಲ್ಪ ಒಳಕ್ಕೆ ಸರಿಸಿದೆ, ಗೆರೆ ಬಂತು.

ಆಗಸ್ಟ್ 10, ಆಶ್ಲೇಷ ಮಳೆ

ಹುಡ್ ಬಿಚ್ಚಿಕೊಂಡು ಮಂಡಿ ಮೊಹಲ್ಲಾದ ಒಂದು ಕುಶನ್ ಅಂಗಡಿಗೆ ಹೋದೆ. ದಪ್ಪ ದಾರದಲ್ಲಿ ಇನ್ನೊಂದು ಸಾಲು ಹೊಲಿಗೆ ಹಾಕಿಸಬೇಕು ಅಂತ ನನ್ನ ಲೆಕ್ಕ. ಮಾಸ್ಟರ್ ತಲೆ ಆಡಿಸಿದರು. "ದಪ್ಪ ದಾರಕ್ಕೆ ದಪ್ಪ ಸೂಜಿ ಬೇಕಲ್ವಾ ಸರ್? ತೂತೂ ದಪ್ಪ ಆಗುತ್ತೆ" ಅಂದರು.

ಹಳೇ ಕಾಲದ ಹತ್ತಿ ಕ್ಯಾನ್ವಾಸ್ ಆಗಿದ್ದರೆ ಲೆಕ್ಕ ಬೇರೆ. ಹತ್ತಿ ನೂಲು ನೀರು ಕುಡಿದು ಉಬ್ಬುತ್ತದೆ, ಹೊಲಿಗೆಯ ತೂತು ತಾನೇ ಬಿಗಿಯಾಗುತ್ತದೆ. ನನ್ನ ಹುಡ್ ಪಿವಿಸಿ ಲೇಪ ಇರುವ ಪಾಲಿಯೆಸ್ಟರ್ ಬಟ್ಟೆ, ದಾರವೂ ಪಾಲಿಯೆಸ್ಟರ್. ಎರಡೂ ಉಬ್ಬುವುದಿಲ್ಲ. ಬಟ್ಟೆಯಲ್ಲಿ ಒಂದು ಹನಿಯೂ ಇಳಿಯದು, ಆದರೆ ಸೂಜಿ ಹಾದ ಪ್ರತಿಯೊಂದು ತೂತೂ ತೆರೆದೇ ಇರುತ್ತದೆ. ಮೇಣ ಉಜ್ಜಿದರೂ ಪಿವಿಸಿ ಅದನ್ನು ಹೀರುವುದಿಲ್ಲ, ಬಿಸಿಲಿಗೆ ಹೋಗಿಬಿಡುತ್ತದೆ.

ಇನ್ನೊಂದು ತಪ್ಪನ್ನೂ ಮಾಸ್ಟರ್ ತೋರಿಸಿದರು. ಎರಡು ತುಂಡು ಕೂಡುವ ಕಡೆ ಹಿಂದಿನ ತುಂಡು ಮೇಲೆ, ಮುಂದಿನ ತುಂಡು ಕೆಳಗೆ ಬಂದಿತ್ತು. ಹೆಂಚು ತಿರುಗಾಮುರುಗಾ ಹೊದಿಸಿದ ಹಾಗೆ. ಮುಂದಿನಿಂದ ಹರಿದು ಬಂದ ನೀರು ಸೀದಾ ಮಡಿಕೆಯ ಬಾಯಿಗೇ ಹೋಗುತ್ತದೆ. ಹೊಲಿಗೆ ಬಿಚ್ಚಿ ಮುಂದಿನ ತುಂಡು ಮೇಲೆ ಬರುವ ಹಾಗೆ ಕೂಡಿಸಿದರು. ಆಮೇಲೆ ಲಾರಿ ಟಾರ್ಪಾಲ್ ಮಾಡುವವರಲ್ಲಿಗೆ ಕಳಿಸಿ, ಹೊಲಿಗೆಯ ಮೇಲೆ ಎರಡು ಬೆರಳಗಲದ ಅದೇ ಬಟ್ಟೆಯ ಪಟ್ಟಿಯನ್ನು ಬಿಸಿಗಾಳಿಯಲ್ಲಿ ಕರಗಿಸಿ ಅಂಟಿಸಿದರು. ಅದಕ್ಕೆ ಸೂಜಿಯೇ ಬೇಡ. ಕೆಲಸ ಎಷ್ಟು ಅಚ್ಚುಕಟ್ಟಾಗಿದೆ ಅಂದರೆ ಪಟ್ಟಿ ಮೊದಲಿನಿಂದಲೇ ಇತ್ತೇನೋ ಅನ್ನಿಸುತ್ತದೆ.

ಸೆಪ್ಟೆಂಬರ್ 7, ಹುಬ್ಬೆ ಮಳೆ

ಮನೆ ಮುಂದೆ ಎರಡು ದೊಡ್ಡ ಮಳೆಗೂ ಒಂದು ಹನಿ ಬರಲಿಲ್ಲ. ಸಂತೋಷದಲ್ಲಿ ನಂಜನಗೂಡಿಗೆ ಹೊರಟೆ. ಕಡಕೊಳ ದಾಟಿದ ಮೇಲೆ ಮಳೆ ಹಿಡಿಯಿತು. 60ರ ವೇಗ ಆದ ಕೂಡಲೇ ಗ್ಲಾಸಿನ ಮೇಲಿನಿಂದ, ಹುಡ್‌ನ ಮುಂದಿನ ಅಂಚಿನಿಂದ ನೀರು ಸೀದಾ ನನ್ನ ತೊಡೆಯ ಮೇಲೆ. 40ಕ್ಕೆ ಇಳಿಸಿದರೆ ನಿಲ್ಲುತ್ತದೆ. ಮತ್ತೆ 60, ಮತ್ತೆ ನೀರು.

ಪೈಪಿನಲ್ಲಿ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಗಾಡಿ ಓಡುವಾಗ ಹುಡ್ ಮೇಲೆ ಗಾಳಿ ವೇಗವಾಗಿ ಹಾಯುತ್ತದೆ, ಅಲ್ಲಿ ಒತ್ತಡ ಕಡಿಮೆ ಆಗುತ್ತದೆ, ಬಟ್ಟೆ ಬಲೂನಿನ ಹಾಗೆ ಮೇಲಕ್ಕೆ ಉಬ್ಬುತ್ತದೆ. ಮುಂದಿನ ಅಂಚು ಫ್ರೇಮ್ ಬಿಟ್ಟು ಕೂದಲಷ್ಟು ಏಳುತ್ತದೆ. ಅದೇ ಹೊತ್ತಿಗೆ ಗ್ಲಾಸಿನ ಮೇಲಿನ ನೀರನ್ನು ಗಾಳಿ ಮೇಲಕ್ಕೆ ತಳ್ಳುತ್ತಿರುತ್ತದೆ. ನಿಂತ ಗಾಡಿಯಲ್ಲಿ ನೀರು ಕೆಳಗೆ ಹರಿಯುತ್ತದೆ, ಓಡುವ ಗಾಡಿಯಲ್ಲಿ ಮೇಲೆ ಹತ್ತುತ್ತದೆ.

ಫ್ರೇಮಿನ ಮೇಲೆ ಹಳೇ ಸ್ಪಂಜ್ ಪಟ್ಟಿ ಇತ್ತು, ಅದು ನೀರು ಹೀರುವ ಜಾತಿ. ಕಿತ್ತೆಸೆದು ಒಳಗೆ ಟೊಳ್ಳಿರುವ ಇಪಿಡಿಎಂ ರಬ್ಬರ್ ಪಟ್ಟಿ ಹಾಕಿದೆ. ಬಟ್ಟೆ ಸ್ವಲ್ಪ ಎದ್ದರೂ ಅದು ಹಿಗ್ಗಿ ಸಂದಿ ತುಂಬುತ್ತದೆ. ಹುಡ್‌ನ ಪಕ್ಕದ ಬೆಲ್ಟುಗಳನ್ನು ಒಂದೊಂದು ತೂತು ಬಿಗಿ ಮಾಡಿದೆ. ಬಿಗಿ ಮಾಡುವುದಿದ್ದರೆ ಮಧ್ಯಾಹ್ನದ ಬಿಸಿಲಲ್ಲೇ ಮಾಡಬೇಕು, ಪಿವಿಸಿ ಆಗ ಮೆತ್ತಗಿರುತ್ತದೆ.

ಅಕ್ಟೋಬರ್ 5, ಹಸ್ತ ಮಳೆ

ಅಪ್ಪನನ್ನು ಕರೆತರಲು ಪಾಂಡವಪುರಕ್ಕೆ ಹೋಗಿದ್ದೆ. ವಾಪಸ್ ಬರುವಾಗ ಶ್ರೀರಂಗಪಟ್ಟಣದ ಹತ್ತಿರ ಆಕಾಶವೇ ಕಳಚಿ ಬಿತ್ತು. ಕಾವೇರಿ ಸೇತುವೆಯ ಮೇಲೆ ವೈಪರ್ ಓಡುತ್ತಿದ್ದರೂ ಮುಂದಿನ ಲಾರಿ ಕಾಣುತ್ತಿರಲಿಲ್ಲ. ಮಳೆ ಸ್ವಲ್ಪ ತಗ್ಗಿದ ಮೇಲೆ 60ಕ್ಕೆ ಏರಿಸಿದೆ. ಮೇಲಿನ ಅಂಚಿನ ಮೇಲೆ ಬೆರಳಾಡಿಸಿದೆ. ಒಣಗಿತ್ತು. ಹಿಂದಿನ ಸೀಟಿನಲ್ಲಿ ಅಪ್ಪ ತಂದಿದ್ದ ಬೆಲ್ಲದ ಪೊಟ್ಟಣ ಬರೀ ಪೇಪರಿನಲ್ಲಿ ಸುತ್ತಿತ್ತು, ಅದೂ ಒಣಗಿತ್ತು.

ಮನೆಗೆ ಬಂದ ಮೇಲೆ ಅಪ್ಪ ಬಗ್ಗಿ ಮ್ಯಾಟ್ ಎತ್ತಿ ನೋಡಿದರು. ಬಲಗಡೆ ಪೆಡಲ್ ಹತ್ತಿರ ಒಂದು ಗೆರೆ ತೇವ. ವೈಪರ್ ಅಕ್ಷ ತಗಡು ದಾಟಿ ಬರುವ ಕಡೆ ಒಂದು ಸಣ್ಣ ರಬ್ಬರ್ ವಾಷರ್ ಇದೆ, ನೀರು ಅಲ್ಲಿಂದಲೇ ಇರಬೇಕು, ಇವತ್ತು ವೈಪರ್ ಬಿಡುವಿಲ್ಲದೆ ಓಡಿದೆ. ಬಿರಡೆ ತೆಗೆದಿಟ್ಟೆ. ಈಗ ಗಾಡಿ ಮನೆಯಲ್ಲಿ ನಿಂತಾಗಲೆಲ್ಲ ಬಿರಡೆ ತೆಗೆದಿಡುತ್ತೇನೆ, ರಸ್ತೆಗೆ ಇಳಿಯುವ ಮುಂಚೆ ಹಾಕುತ್ತೇನೆ. ವಾಷರ್ ನಾಳೆ ತರುತ್ತೇನೆ. ಚಿತ್ತಾ ಮಳೆಗೆ ಇನ್ನೂ ಆರು ದಿನ ಇದೆ.