ಮದ್ದು ಬಿಡುವವರ ದಿನಗೂಲಿ, ನನ್ನ ತಿಂಗಳ ಸಂಬಳ

ಕಳೆದ ಜೂನ್‌ನಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನಮ್ಮ ಮನೆಗೆ ಹೋಗಿದ್ದಾಗ, ಅಡಿಕೆಗೆ ಮದ್ದು ಬಿಡಲು ಬಂದಿದ್ದ ಹಿರಿಯರೊಬ್ಬರು, ಮಗನನ್ನು ಕಂಪ್ಯೂಟರ್ ಓದಿಸಬೇಕೋ ವಿದ್ಯಾನಗರದ ಐಟಿಐಗೆ ಸೇರಿಸಬೇಕೋ ಎಂದು ನನ್ನನ್ನು ಕೇಳಿದರು. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಪ್ರೋಗ್ರಾಮಿಂಗ್ ಮಾಡಿದ ನನಗೆ ಉತ್ತರ ತಟ್ಟನೆ ಹೊಳೆಯಲಿಲ್ಲ.

ರಿಸರ್ವ್ ಬ್ಯಾಂಕಿನ ಅಂಕಿಅಂಶಗಳ ಪ್ರಕಾರ 2022-23ರಲ್ಲಿ ಕೇರಳದ ಹಳ್ಳಿಗಳ ಕಟ್ಟಡ ಕಾರ್ಮಿಕರ ಸರಾಸರಿ ದಿನಗೂಲಿ ಸುಮಾರು 852 ರೂಪಾಯಿ. ದೇಶದ ಸರಾಸರಿ 393. ಅಡಿಕೆ ಮರ ಏರುವವರಿಗೆ ನಮ್ಮಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಕೊಡಬೇಕು, ಕೊಟ್ಟರೂ ಜನ ಸಿಗುವುದಿಲ್ಲ. ಅತ್ತ ದೊಡ್ಡ ಐಟಿ ಕಂಪೆನಿಗಳು ಹೊಸಬರಿಗೆ ಕೊಡುವ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನ ಸಂಬಳ ನಾನು ಸೇರಿದಾಗಿನಿಂದ ಹೆಚ್ಚೇನೂ ಕದಲಿಲ್ಲ. ತಿಂಗಳಿಗೆ 29,000ದಷ್ಟಾಗುವ ಆ ಹಣದಲ್ಲಿ ಬೆಂಗಳೂರಿನ ಬಾಡಿಗೆಯೂ ಹೋಗಬೇಕು.

ಇಷ್ಟಕ್ಕೇ ಲೆಕ್ಕ ನಿಲ್ಲಿಸಿದರೆ ಐಟಿಐಯೇ ಮೇಲು ಎನ್ನಬಹುದಿತ್ತು. ಆದರೆ ತಿಂಗಳಿಗೆ ಇಪ್ಪತ್ತೈದು ದಿನದ ಕೆಲಸವೆಂದು ಕೂಲಿಯನ್ನು ಗುಣಿಸುವವರು ಮಳೆಯನ್ನು ಮರೆಯುತ್ತಾರೆ. ಕೊಳೆರೋಗಕ್ಕೆ ಮುಂಗಾರಿನ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಮತ್ತೊಮ್ಮೆ ಬೋರ್ಡೋ ದ್ರಾವಣ ಬಿಡಬೇಕಾಗಿರುವುದರಿಂದ, ಮಳೆ ಬಿಟ್ಟು ಹೊಳವಾದ ನಾಲ್ಕು ದಿನ ಊರಿನ ಎಲ್ಲ ತೋಟದವರಿಗೂ ಮದ್ದು ಬಿಡುವವರೇ ಬೇಕು, ಉಳಿದ ದಿನ ಅವರು ಜಗಲಿಯಲ್ಲಿ ಕುಳಿತಿರಬೇಕು. ನನಗೋ ಜ್ವರ ಬಂದ ದಿನದ ಸಂಬಳವೂ ಬರುತ್ತದೆ.

ಅವರ ಕೆಲಸ ಬರೀ ತೋಳ್ಬಲದ್ದೂ ಅಲ್ಲ. ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ಯಾರಿಗೂ ಗೊತ್ತು. ಆದರೆ ಸುಣ್ಣ ಹಳತಾಗಿದ್ದರೆ ಆ ಅಳತೆ ಸಾಲದು. ಕತ್ತಿಯ ಅಲಗನ್ನು ದ್ರಾವಣಕ್ಕೆ ಅದ್ದಿ, ಅದಕ್ಕೆ ಕೆಂಬಣ್ಣ ಹಿಡಿದರೆ ಅವರು ಇನ್ನಷ್ಟು ಸುಣ್ಣ ಸೇರಿಸುತ್ತಾರೆ. ನಾನು ಬರೆದ ಪ್ರೋಗ್ರಾಮನ್ನು ಅಷ್ಟು ಶ್ರದ್ಧೆಯಿಂದ ಪರೀಕ್ಷಿಸಿದ ದಿನಗಳು ಕಡಿಮೆ ಎಂದು ಒಪ್ಪಿಕೊಳ್ಳಬೇಕು.

ಈಗ ಅವರು ಮರ ಏರುವುದು ಅಪರೂಪ. ಕಾರ್ಬನ್ ಫೈಬರಿನ ಉದ್ದ ಕೋಲಾದ ದೋಟಿಯಿಂದ ನೆಲದಲ್ಲೇ ನಿಂತು ಮದ್ದು ಬಿಡುತ್ತಾರೆ. ಅದರಿಂದ ಅವರ ಕೂಲಿ ಇಳಿಯಲಿಲ್ಲ, ಮೊಣಕಾಲು ಮಾತ್ರ ಉಳಿಯಿತು. ನಮ್ಮ ಕಚೇರಿಯಲ್ಲಿ ಕೋಡ್ ಬರೆದುಕೊಡುವ ಯಂತ್ರ ಬಂದ ಮೇಲೆ ನನ್ನ ಕೆಲಸ ಹಗುರಾಯಿತಾದರೂ, ಹೊಸಬರನ್ನು ತೆಗೆದುಕೊಳ್ಳುವುದು ಕಡಿಮೆಯಾಗಿದೆ. ಅವರ ಮಗ ಕಾಲಿಡಬೇಕಾದದ್ದು ಆ ಕೆಳಗಿನ ಮೆಟ್ಟಿಲಿನ ಮೇಲೆಯೇ.

ಹುಡುಗನಿಗೆ ಗಣಿತ ಇಷ್ಟವೇ ಎಂದು ಕೇಳಿದೆ. "ಪಂಪು ಹಾಳಾದರೆ ಅವನೇ ಬಿಚ್ಚಿ ಸರಿಮಾಡುತ್ತಾನೆ ಅಣ್ಣ, ಪುಸ್ತಕ ಮುಟ್ಟುವುದಿಲ್ಲ," ಎಂದರು. ಹಾಗಾದರೆ ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಅರ್ಜಿ ಹಾಕಿಸಿ, ಅದಕ್ಕೆ ಮಳೆಗಾಲದಲ್ಲೂ ಕೆಲಸವಿದೆ ಎಂದೆ.