ಗ್ರಾಫಿನಲ್ಲಿ ಕಂಡ ಗರಗಸದ ಹಲ್ಲು

ಆ ಗ್ರಾಫ್ ಮೊದಲು ನೋಡಿದಾಗ ನನಗೆ ಖುಷಿಯೇ ಆಗಿತ್ತು. ಸೂರ್ಯನನ್ನು ನೋಡುವ ಜಪಾನಿನ ಹಿನೋಡೆ ಉಪಗ್ರಹದ ಎಕ್ಸ್-ರೇ ದೂರದರ್ಶಕ ತೆಗೆದ ಚಿತ್ರಗಳಿಂದ ಸೂರ್ಯನ ಕರೋನಾ, ಅಂದರೆ ಅದರ ಹೊರ ವಾತಾವರಣ, ಎಷ್ಟು ಬಿಸಿಯಿದೆ ಎಂದು ಲೆಕ್ಕ ಹಾಕಿದ್ದೆ. ಹಲವು ತಿಂಗಳ ಲೆಕ್ಕವನ್ನು ಒಂದೇ ಗೆರೆಯಲ್ಲಿ ಜೋಡಿಸಿದ್ದೆ. ತಾಪಮಾನ ದಿನದಿಂದ ದಿನಕ್ಕೆ ಮೆಲ್ಲಗೆ ಏರುತ್ತಿತ್ತು. ಒಂದು ದಿನ ದಿಢೀರನೆ ಇಳಿಯುತ್ತಿತ್ತು. ಮತ್ತೆ ಏರಿಕೆ, ಮತ್ತೆ ಇಳಿಕೆ. ಥೇಟ್ ಗರಗಸದ ಹಲ್ಲು. ಏನೋ ಹೊಸದು ಕೈಗೆ ಸಿಕ್ಕಿತು ಅಂದುಕೊಂಡೆ.

ನನ್ನ ಸಂಶೋಧನೆಯ ಗೈಡ್ ಅದನ್ನು ಒಂದು ನಿಮಿಷ ಸುಮ್ಮನೆ ನೋಡಿದರು. ‘ಇಳಿದ ದಿನಗಳನ್ನು ಬರೆದುಕೋ. ಸಿಸಿಡಿಯನ್ನು ಬೇಕ್-ಔಟ್ ಮಾಡಿದ ದಿನಗಳ ಪಕ್ಕ ಇಟ್ಟು ನೋಡು’ ಅಂದರು. ಸಿಸಿಡಿ ಅಂದರೆ ದೂರದರ್ಶಕದಲ್ಲಿ ಚಿತ್ರ ಹಿಡಿಯುವ ಸೆನ್ಸರ್, ಬೇಕ್-ಔಟ್ ಅಂದರೆ ಅದನ್ನು ಬಿಸಿ ಮಾಡುವುದು.

ಇಟ್ಟು ನೋಡಿದೆ. ಎರಡೂ ಪಟ್ಟಿ ಒಂದೇ ಆಗಿದ್ದವು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಒಂದು ಎಕ್ಸ್-ರೇ ಚಿತ್ರ ತಾನಾಗಿ ತಾಪಮಾನ ಹೇಳುವುದಿಲ್ಲ. ಹೊಳಪು ಜಾಸ್ತಿ ಇದ್ದರೆ ಪ್ಲಾಸ್ಮಾ (ಕರೋನಾದ ವಿದ್ಯುದಾವೇಶದ ಅನಿಲ) ಬಿಸಿಯಾಗಿರಬಹುದು, ಇಲ್ಲವೇ ದಟ್ಟವಾಗಿರಬಹುದು. ಹೊಳಪು ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಸಾಂದ್ರತೆ ದುಪ್ಪಟ್ಟಾದರೆ ಹೊಳಪು ನಾಲ್ಕು ಪಟ್ಟು. ಅದಕ್ಕೇ 2006ರಲ್ಲಿ ಹಾರಿದ ಈ ದೂರದರ್ಶಕದಲ್ಲಿ ಎರಡು ಚಕ್ರಗಳ ಮೇಲೆ ಒಂಬತ್ತು ಎಕ್ಸ್-ರೇ ಫಿಲ್ಟರ್ ಇವೆ. ತೆಳು ಅಲ್ಯುಮಿನಿಯಂ ಹಾಳೆ ಉದ್ದ ತರಂಗದ ಎಕ್ಸ್-ರೇಗಳನ್ನೂ ಬಿಡುತ್ತದೆ, ಹಾಗಾಗಿ ಹತ್ತಿಪ್ಪತ್ತು ಲಕ್ಷ ಡಿಗ್ರಿಯ ಪ್ಲಾಸ್ಮಾ ಅದರಲ್ಲಿ ಕಾಣುತ್ತದೆ. 9 ಮೈಕ್ರಾನ್ ದಪ್ಪದ ಬೆರಿಲಿಯಂ ಅವನ್ನು ತಡೆದು ಹೆಚ್ಚು ಬಿಸಿಯದಕ್ಕೆ ಮಾತ್ರ ದಾರಿ ಕೊಡುತ್ತದೆ. ಎಲ್ಲಕ್ಕಿಂತ ದಪ್ಪದ್ದು 300 ಮೈಕ್ರಾನ್ ಬೆರಿಲಿಯಂ, ಅದು ಕೋಟಿ ಡಿಗ್ರಿ ದಾಟುವ ದೊಡ್ಡ ಜ್ವಾಲೆಗಳಿಗೆ.

ಒಂದೇ ಜಾಗವನ್ನು ಎರಡು ಫಿಲ್ಟರ್‌ನಲ್ಲಿ ನೋಡಿ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ‘ಎಷ್ಟು ಪ್ಲಾಸ್ಮಾ’ ಅನ್ನುವುದು ಹೊಡೆದುಹೋಗುತ್ತದೆ. ಉಳಿಯುವುದು ‘ಎಷ್ಟು ಬಿಸಿ’. ಎಷ್ಟು ಚಂದದ ಉಪಾಯ ಅಲ್ವಾ! ಆದರೆ ಭಾಗಲಬ್ಧವನ್ನು ತಾಪಮಾನವಾಗಿ ಓದಲು ಪ್ರತಿ ಫಿಲ್ಟರ್‌ನ ರೆಸ್ಪಾನ್ಸ್ ಕರ್ವ್ ಬೇಕು. ಕನ್ನಡಿ, ಫಿಲ್ಟರ್, ಸಿಸಿಡಿ ಎಲ್ಲ ಸೇರಿ ಯಾವ ತಾಪಮಾನದ ಪ್ಲಾಸ್ಮಾಗೆ ಎಷ್ಟು ಸಿಗ್ನಲ್ ಕೊಡುತ್ತವೆ ಎಂಬ ಲೆಕ್ಕ ಅದು.

ನಾನು ಎಡವಿದ್ದು ಅಲ್ಲೇ. ಉಪಗ್ರಹ ಹೊಸದಾಗಿದ್ದಾಗಿನ ಕರ್ವನ್ನೇ ಎಲ್ಲ ದಿನಗಳಿಗೂ ಹಾಕಿದ್ದೆ. ಕರ್ವ್ ಲೆಕ್ಕ ಹಾಕುವ ಪ್ರೋಗ್ರಾಂ ದಿನಾಂಕ ತೆಗೆದುಕೊಳ್ಳುತ್ತದೆ, ನಾನು ಕೊಟ್ಟಿರಲಿಲ್ಲ.

ಕಕ್ಷೆಯಲ್ಲಿ ಸಿಸಿಡಿ ಮೇಲೂ ಫಿಲ್ಟರ್ ಮೇಲೂ ತೆಳುವಾದ ಸಾವಯವ ಪದರ ಕೂತುಕೊಳ್ಳುತ್ತದೆ. ಸಿಸಿಡಿಯನ್ನು ತಣ್ಣಗಿಟ್ಟಿರುತ್ತಾರೆ, ಹಾಗಾಗಿ ಅಲ್ಲಿ ಅದು ಸುಲಭವಾಗಿ ಅಂಟುತ್ತದೆ. ಆಗಾಗ ಬಿಸಿ ಮಾಡಿ ಅದನ್ನು ಓಡಿಸುತ್ತಾರೆ, ಅದೇ ಬೇಕ್-ಔಟ್. ಫಿಲ್ಟರ್ ಮೇಲಿನದು ಇದರಿಂದ ಹೋಗುವುದಿಲ್ಲ. ಈ ಪದರ ಉದ್ದ ತರಂಗಗಳನ್ನೇ ಹೆಚ್ಚು ನುಂಗುತ್ತದೆ. ಬೆರಿಲಿಯಂ ಅವನ್ನು ಮೊದಲೇ ತಡೆದಿರುವುದರಿಂದ ಅಲ್ಲಿ ನಷ್ಟ ಕಡಿಮೆ. ಅಲ್ಯುಮಿನಿಯಂ ಚಿತ್ರ ಮಾತ್ರ ಮಂಕಾಗುತ್ತಾ ಹೋಗುತ್ತದೆ. ಬೆರಿಲಿಯಂ ಸಿಗ್ನಲನ್ನು ಅಲ್ಯುಮಿನಿಯಂನದರಿಂದ ಭಾಗಿಸಿದರೆ ಸಂಖ್ಯೆ ದೊಡ್ಡದಾಗುತ್ತದೆ. ಪ್ಲಾಸ್ಮಾ ನಿಜಕ್ಕೂ ಬಿಸಿಯಾದಾಗಲೂ ಆಗುವುದು ಇದೇ! ನನ್ನ ಗ್ರಾಫ್ ಏರುತ್ತಿದ್ದುದು ಪದರ ದಪ್ಪವಾಗುತ್ತಿದ್ದುದಕ್ಕೆ, ಇಳಿಯುತ್ತಿದ್ದುದು ಸಿಸಿಡಿ ಶುಚಿಯಾದದ್ದಕ್ಕೆ.

ಪ್ರತಿ ಚಿತ್ರಕ್ಕೂ ಅದರದೇ ದಿನಾಂಕದ ಕರ್ವ್ ಹಾಕಿ ರಾತ್ರಿಯಿಡೀ ಮತ್ತೆ ಓಡಿಸಿದೆ. (2012ರ ಮೇ ನಂತರದ ಚಿತ್ರಗಳಾಗಿದ್ದರೆ ಇನ್ನೊಂದು ತೊಡಕೂ ಇರುತ್ತಿತ್ತು. ಮುಂಭಾಗದ ಫಿಲ್ಟರ್‌ಗೆ ಹಾನಿಯಾಗಿ ಕಣ್ಣಿಗೆ ಕಾಣುವ ಬೆಳಕೂ ಒಳಗೆ ನುಸುಳತೊಡಗಿತ್ತು.)

ಬೆಳಿಗ್ಗೆ ನೋಡಿದರೆ ಗರಗಸ ಮಾಯ. ಗೆರೆ ಹೆಚ್ಚುಕಡಿಮೆ ಸಮವಾಗಿತ್ತು. ನಡುವೆ ಒಂದು ಕಡೆ ಮಾತ್ರ ಸಣ್ಣ ಉಬ್ಬು ಉಳಿದಿತ್ತು. ಆ ದಿನಗಳ ಚಿತ್ರ ತೆರೆದೆ. ಸೂರ್ಯನ ಅಂಚಿನಿಂದ ಒಂದು ಪ್ರಕಾಶಮಾನವಾದ ಸಕ್ರಿಯ ಪ್ರದೇಶ (ಕಾಂತಕ್ಷೇತ್ರ ಬಲವಾಗಿರುವ, ಹೆಚ್ಚು ಬಿಸಿಯಾದ ಜಾಗ) ಈಚೆಗೆ ತಿರುಗಿ ಬರುತ್ತಿತ್ತು.